ಮಜ್ಜಿಗೆ ಅರಿವೆ

ಬ್ಯಾಡಗಿಯ ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ನಮಗೆ ಉರಿ ದೊಡ್ಡ ಸಂಗತಿಯಲ್ಲ. ಕೈ ಉರಿಯುತ್ತದೆ, ಕಣ್ಣು ಉರಿಯುತ್ತದೆ, ಮರೆತು ಮೂಗು ಒರೆಸಿಕೊಂಡರಂತೂ ಕೇಳುವುದೇ ಬೇಡ. ಸಂಜೆ ಮಜ್ಜಿಗೆಯಲ್ಲಿ ಕೈ ಅದ್ದಿ ಕೂತರೆ ತಣ್ಣಗಾಗುತ್ತದೆ. ಹಾಗಾಗಿ ನನ್ನ ಎಡ ಮೊಣಕಾಲು ಊದಿ ಬಿಸಿಯಾದಾಗ ನಾನಾಗಲಿ ಅವ್ವನಾಗಲಿ ಬೇರೆ ಯೋಚನೆ ಮಾಡಲಿಲ್ಲ.

"ಖಾರ ಹತ್ತೇತಿ ತಗೊ. ತೊಡಿ ಮ್ಯಾಲೆ ಕಾಯಿ ಸುರುವಿಕೊಂಡು ಕುಂದರ್ತೀದಿ, ಉರೀದ ಏನ್ ಮಾಡ್ತೈತಿ?" ಎಂದು ಅವ್ವ ಮಜ್ಜಿಗೆಯಲ್ಲಿ ಅರಿವೆ ನೆನೆಸಿ ಸುತ್ತಿದಳು. ಹಾಯೆನಿಸಿತು.

ದಿನಾ ಸಂಜೆ ಅದೇ ಆಯಿತು. ಸುಗ್ಗಿ ಮುಗಿಯಿತು, ಕೆಲಸ ನಿಂತಿತು, ಮೊಣಕಾಲು ಮಾತ್ರ ಬಿಸಿಯಾಗಿಯೇ ಇತ್ತು. ಬೆಳಿಗ್ಗೆ ಎದ್ದ ಮೇಲೆ ತಾಸುಗಟ್ಟಲೆ ಮಡಚಲು ಬರುತ್ತಿರಲಿಲ್ಲ, ಬೆರಳ ಗೆಣ್ಣುಗಳೂ ಬಿಗಿ. "ಖಾರ ಎಲುಬಿಗೆ ಇಳಿದೈತಿ" ಎಂದಳು ಅವ್ವ. ಹತ್ತನೇ ಇಯತ್ತೆ ಓದಿದ ನಾನು ಅದಕ್ಕೂ ತಲೆಯಾಡಿಸಿದೆ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಮುಂದಿನ ಸುಗ್ಗಿಯ ಮೊದಲ ದಿನ ಕೂತವಳಿಗೆ ಏಳಲು ಆಗಲಿಲ್ಲ. ಇಬ್ಬರು ಹೆಂಗಸರು ರಟ್ಟೆ ಹಿಡಿದು ಎತ್ತಿದರು. ಮಾರನೆಯ ದಿನ ಅವ್ವನ ಜೊತೆ ರಾಣೆಬೆನ್ನೂರಿಗೆ ಹೋದೆ. ಡಾಕ್ಟರು ಮೊಣಕಾಲಿನಿಂದ ಸೂಜಿಯಲ್ಲಿ ಹಳದಿ ನೀರು ತೆಗೆದರು, ರಕ್ತಕ್ಕೆ ಮತ್ತು ಎಕ್ಸರೇಗೆ ಬರೆದುಕೊಟ್ಟರು. ರಿಪೋರ್ಟು ತೋರಿಸುವ ದಿನ ಅವ್ವ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

"ಇದು ಖಾರದ ಉರಿ ಅಲ್ರಿ. ಸಂಧಿವಾತ, ಕೀಲಿನ ಒಳಗಿನ ಉರಿ. ಶುರುವಾತಿನಾಗ ಬಂದಿದ್ರ ಮೊಣಕಾಲು ಉಳೀತಿತ್ತು" ಎಂದರು ಡಾಕ್ಟರು. ವಾರಕ್ಕೊಮ್ಮೆ ನುಂಗುವ ಗುಳಿಗೆ ಬರೆದರು, ರಕ್ತ ತಪಾಸಣೆ ತಪ್ಪಿಸಬೇಡಿ ಎಂದರು. "ಇನ್ನ ಮುಂದ ಕೀಲು ಸವೆಯೋದನ್ನ ತಡೀಬಹುದು. ಸವದದ್ದು ತಿರುಗಿ ಬರಂಗಿಲ್ಲ."

ಮತ್ತೆ ನೆಲದ ಮೇಲೆ ಕೂರಬಹುದೇ ಎಂದು ಕೇಳಿದೆ. ಅವರು ಎಕ್ಸರೇ ನೋಡುತ್ತಲೇ, "ಕುರ್ಚಿ ಮ್ಯಾಲೆ ಕುಂತು ಮಾಡೋ ಕೆಲಸ ಏನರ ಐತೇನ್ರಿ?" ಎಂದರು. ನಮ್ಮ ಗೋದಾಮಿನಲ್ಲಿ ಕಾಯಿಯ ರಾಶಿ ಇರುವುದು ನೆಲದ ಮೇಲೆ, ಹೆಂಗಸರ ಸಾಲು ಇರುವುದೂ ನೆಲದ ಮೇಲೆ. ಆ ಸಾಲಿನಲ್ಲಿ ಅವ್ವನ ಪಕ್ಕದ ಜಾಗ ನನ್ನದಾಗಿತ್ತು.

ಬಸ್ಸಿನಲ್ಲಿ ಅವ್ವ ಎಕ್ಸರೇ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆಮೇಲೆ ಮೆಲ್ಲಗೆ, "ಡಾಕ್ಟರು ತಡಾ ಮಾಡಿದ್ರಿ ಅಂದ್ರೇನು?" ಎಂದಳು.

ಹೌದು ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟು ಕೋಪವಿತ್ತು ನನಗೆ.

"ಇಲ್ಲಬೇ. ಮೊದಲ ಬಂದಿದ್ರೂ ಇಷ್ಟ ಆಗ್ತಿತ್ತಂತ."

ಅವ್ವ ಉಸಿರು ಬಿಟ್ಟಳು. "ಹಂಗಾರ ನಮ್ಮ ಮಜ್ಜಿಗಿ ಏನೂ ಕೆಡಿಸಲಿಲ್ಲ."

ಆ ಸಂಜೆಯೂ ಅವ್ವ ಬಟ್ಟಲು ಹಿಡಿದು ಬಂದಳು. ಬೇಡವೆಂದರೆ ಕಾರಣ ಕೇಳುತ್ತಾಳೆ. ಕಾಲು ಚಾಚಿದೆ. ಒದ್ದೆ ಅರಿವೆ ಸುತ್ತಿ, ನನ್ನ ಮುಖ ನೋಡಿ, "ಹಿತಾ ಆತೇನು?" ಎಂದು ಕೇಳಿದಳು.

"ಹೂನಬೇ" ಎಂದೆ.