ಓರೆಬಂಡೆಯ ಮೇಲೆ ಜಟ್ಕಾದಮ್ಮ

ಅವರ ಎಡಗಾಲಿನ ಮೂರು ಬೆರಳುಗಳಿಗೆ ಉಗುರಿರಲಿಲ್ಲ. ಯಾರಾದರೂ ಆ ಕಡೆ ನೋಡಿದರೆ ತಾವೇ ಪಾದ ಮುಂದೆ ಚಾಚಿ ವಿವರ ಕೊಡುತ್ತಿದ್ದರು. "ಇದು ಬೆಳ್ಳಿ ತುಳ್ದಿದ್ದು. ಇದು ಅವ್ಳವ್ವ. ಈ ಕಿರುಬೆರಳು ಮಾತ್ರ ನನ್ ಗಂಡ, ಜಟ್ಕಾ ಚಕ್ರ ಅತ್ತಿಸ್ಬುಟ್ಟ. ಕುದ್ರೆಗಾದ್ರೂ ತುಳ್ದಿದ್ದು ಗೊತ್ತಾಗಿ ಕಾಲೆತ್ತುದ್ವು. ಆ ಪುಣ್ಯಾತ್ಮಂಗೆ ಅದೂ ಗೊತ್ತಾಗ್ನಿಲ್ಲ."

ಅರಕಲಗೂಡಿನಲ್ಲಿ ಜಟ್ಕಾ ಓಡುವುದು ನಿಂತು ಬಹಳ ಕಾಲವಾಗಿದ್ದರೂ, ಗಂಡ ತೀರಿಕೊಂಡಿದ್ದರೂ, ಊರಿನವರ ಬಾಯಲ್ಲಿ ಅವರು ಜಟ್ಕಾದಮ್ಮನೇ. ಊರಂಚಿನ ಅವರ ಮನೆಯಲ್ಲಿ ಎರಡು ಕುದುರೆಗಳಿದ್ದವು. ಬಿಳಿ ಹೆಣ್ಣುಕುದುರೆ ಬೆಳ್ಳಿ. ಸದಾ ಬೇಡ ಬೇಡ ಎನ್ನುವಂತೆ ತಲೆಯಾಡಿಸುತ್ತಿದ್ದ ಕಂದು ಗಂಡಿಗೆ 'ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಮದುವೆಯ ಮೆರವಣಿಗೆಗೆ ಕುದುರೆ ಕಳಿಸುವುದೇ ಅವರ ಜೀವನ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ, ಎಲ್ಲಿ ಕರೆದರೂ ಗಂಡುಕಚ್ಚೆ ಹಾಕಿ ತಾವೇ ಲಗಾಮು ಹಿಡಿದು ಹೋಗುತ್ತಿದ್ದರು.

ನನಗೂ ಅವರಿಗೂ ಪರಿಚಯವಾದದ್ದು ಒಂದು ಕೆರೆಯಿಂದ. ನಾನು ಗೊರೂರಿನ ನೀರಾವರಿ ಇಲಾಖೆಯ ಕ್ವಾರ್ಟರ್ಸ್‌ನಲ್ಲಿದ್ದುಕೊಂಡು ಕೆರೆಗಳ ನೀರಿನ ಮಟ್ಟ ಬರೆಯುವ ಕೆಲಸ ಮಾಡುತ್ತಿದ್ದೆ. ತಾಲ್ಲೂಕಿನ ಬೆಟ್ಟಸಾಲಿನ ಮೇಲೆ ಒಂದು ಕೆರೆಯಿದೆ. ಅದರ ಅಂಚಿನಲ್ಲಿ ನೆಟ್ಟ ಅಳತೆಕಂಬವನ್ನು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೋಗಿ ಓದಬೇಕಿತ್ತು. ಜೀಪು ಬೆಟ್ಟದ ಬುಡದವರೆಗೆ ಮಾತ್ರ. ಅಲ್ಲಿಂದ ಎರಡು ಗಂಟೆ ಏರು. ನನ್ನ ಬಲಮಂಡಿ ಕೆಟ್ಟಿತ್ತು. ಯಾರೋ ಜಟ್ಕಾದಮ್ಮನ ಹೆಸರು ಹೇಳಿದರು. ಹೀಗೆ ನಾಲ್ಕು ವರ್ಷ ನಾನು ಬೆಳ್ಳಿಯ ಮೇಲೆ, ಅವರು ಮೇಷ್ಟ್ರ ಮೇಲೆ, ಆ ದಾರಿ ಹತ್ತಿ ಇಳಿದೆವು.

ಮೊದಲ ದಿನವೇ ಅವರು ಬೆಳ್ಳಿಯ ಜೀನಿಗೆ ಸಣ್ಣ ಸ್ಪೀಕರೊಂದನ್ನು ಕಟ್ಟಿದರು. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ತೂಗುಹಾಕಿರುತ್ತಾರಲ್ಲ, ಆ ಬಗೆಯದು. ಗುಂಡಿ ಒತ್ತಿದರೆ ಬ್ಯಾಂಡ್‌ಸೆಟ್ ಶುರು. ಯಾವುದೋ ಮದುವೆಯಲ್ಲಿ ಅವರೇ ಮೊಬೈಲಿನಲ್ಲಿ ಹಿಡಿದದ್ದು. ನಡುವೆ ಒಬ್ಬ "ಲೈಟ್ ಮುಂದಕ್ ಬಿಡ್ರೋ" ಎಂದು ಕೂಗುವುದೂ ಕೇಳುತ್ತಿತ್ತು.

"ಇದೇನಮ್ಮ ಬೆಟ್ಟದಲ್ಲಿ?" ಎಂದೆ.

"ಇವು ಮದ್ವೆ ಕುದ್ರೆ ಸಾ. ಪಟಾಕಿ ಒಡುದ್ರೂ ಅಲುಗಾಕಿಲ್ಲ. ಆದ್ರೆ ಕಾಡು ಗಪ್ಪಂತಿದ್ರೆ ಎಲೆ ಅಲ್ಲಾಡಿದ್ರೂ ನಿಂತ್ಕತವೆ. ಬ್ಯಾಂಡ್ ಬಡೀತಿದ್ರೆ ನಡೀಬೇಕು, ಬ್ಯಾಂಡ್ ನಿಂತ್ರೆ ನಿಲ್ಬೇಕು. ಗಂಡು ಬಿದ್ದೋಗ್ಬಾರ್ದಲ್ಲ, ಅಂಗೆ ಕಲ್ಸಿವ್ನಿ. ನೀವಿದ್ನ ಮುಟ್ಬ್ಯಾಡಿ. ಮಿಕ್ಕಿದ್ದ ಬೆಳ್ಳಿ ನೋಡ್ಕತಾಳೆ."

ದಾರಿಯಲ್ಲಿ ಒಂದೇ ಒಂದು ಕೆಟ್ಟ ಜಾಗವಿತ್ತು. ಅದಕ್ಕೆ ಓರೆಬಂಡೆ ಎನ್ನುತ್ತಿದ್ದರು. ಸುಮಾರು ನಲವತ್ತು ಹೆಜ್ಜೆ ಉದ್ದದ, ಹೊರಕ್ಕೆ ವಾಲಿದ ಬಂಡೆ. ಎಡಕ್ಕೆ ಕಲ್ಲಿನ ಗೋಡೆ, ಬಲಕ್ಕೆ ಕೊರಕಲು. ನಡುವೆ ಒಂದು ಕಡೆ ನೀರು ಒಸರಿ ಪಾಚಿ ಕಟ್ಟಿತ್ತು. ಅಲ್ಲಿಗೆ ಬಂದಾಗ ಜಟ್ಕಾದಮ್ಮ ಇಳಿದು, ಮೇಷ್ಟ್ರನ್ನು ಹಿಂದೆ ಬಿಟ್ಟುಕೊಂಡು, ಬೆಳ್ಳಿಯ ಬೆನ್ನಿಗೆ ನಡೆಯುತ್ತಿದ್ದರು. ನಾನೂ ಇಳಿಯುತ್ತೇನೆ ಎಂದರೆ ಬಿಡುತ್ತಿರಲಿಲ್ಲ. "ಕುಂತ್ಕಳಿ ಸುಮ್ನೆ. ನಿಮ್ಮ ಒಂದೂವರೆ ಕಾಲು ನಂಬಾದಾ, ಅವ್ಳ ನಾಕು ಕಾಲು ನಂಬಾದಾ?"

ಬಂಡೆ ದಾಟಿ ಸ್ವಲ್ಪ ಏರಿದರೆ ಕೆಳಗೆ ಕೆರೆ ಕಾಣುತ್ತದೆ. ನಾನು ಮಟ್ಟ ಬರೆದುಕೊಳ್ಳುವಾಗ ಅವರು ಕುದುರೆಗಳಿಗೆ ನೀರು ಕುಡಿಸಿ, ಬುತ್ತಿ ಬಿಚ್ಚಿ, ನನ್ನ ಪುಸ್ತಕದಲ್ಲಿ ಇಣುಕುತ್ತಿದ್ದರು. ಓದು ಬರುತ್ತಿರಲಿಲ್ಲ, ಆದರೆ ಅಂಕಿಗಳ ಪರಿಚಯವಿತ್ತು. "ಓದ್ಸಲಕ್ಕಿಂತ ನಾಕು ಬೆರಳು ಇಳ್ದದೆ ಅಲ್ವಾ?" ಎನ್ನುತ್ತಿದ್ದರು. ಕಂಬ ನೋಡದೆ ದಡದ ಕಲ್ಲುಗಳನ್ನು ನೋಡಿಯೇ ಹೇಳುತ್ತಿದ್ದ ಆ ಮಾತು ಹೆಚ್ಚುಕಡಿಮೆ ಸರಿಯಾಗಿರುತ್ತಿತ್ತು.

ಇನ್ನು ಮುಂದಿನದನ್ನು ನಾನು ನೋಡಿದ ಹಾಗೆ, ನೋಡಿದಷ್ಟೇ ಬರೆಯುತ್ತೇನೆ.

ಮಳೆ ಎರಡು ದಿನ ಬಿಡುವು ಕೊಟ್ಟಿದ್ದ ಬೆಳಗ್ಗೆ. ಬೆಳ್ಳಿ ಓರೆಬಂಡೆಯ ಅರ್ಧಕ್ಕೆ ಬಂದಿದ್ದಳು. ನನ್ನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಆ ಬೆಟ್ಟದಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲೊಂದೇ ಕಡೆ. ಕಚೇರಿಯ ಸಾಹೇಬರದು. ಎತ್ತಿದೆ. ಬ್ಯಾಂಡಿನ ಸದ್ದಿಗೆ ಏನೂ ಕೇಳಿಸಲಿಲ್ಲ. ಬಗ್ಗಿ ಸ್ಪೀಕರಿನ ಗುಂಡಿ ಒತ್ತಿ ಆರಿಸಿದೆ.

ಬೆಳ್ಳಿ ನಿಂತಳು. ಕಲಿಸಿದ್ದನ್ನು ಮಾಡಿದಳು. ಅವಳ ಹಿಂಗಾಲುಗಳೆರಡೂ ಪಾಚಿಯ ಮೇಲಿದ್ದವು. ನಾನು ಫೋನಿಗೆ ಹಲೋ ಎನ್ನುತ್ತಲೇ, ಮುಂದೆ ಹೋಗಲೆಂದು ಹಿಮ್ಮಡಿಯಿಂದ ಅವಳ ಹೊಟ್ಟೆ ತಿವಿದೆ. ಹಿಂದಿನಿಂದ ಜಟ್ಕಾದಮ್ಮ, "ಸಾ, ಯಾಕಾರಿಸ್ದ್ರಿ! ಹಾಕ್ರಿ, ಹಾಕ್ರಿ" ಎಂದು ಕೂಗಿದರು. ಕೂಗುತ್ತಲೇ ಕೊರಕಲಿನ ಬದಿಯಿಂದ ಮುಂದೆ ಬಂದು ಲಗಾಮಿಗೆ ಕೈ ಹಾಕಿದರು. ನಾನು ಮತ್ತೆ ಗುಂಡಿ ಒತ್ತಿದೆ. ಬೇರೆ ಗುಂಡಿಯಿರಬೇಕು. ಬ್ಯಾಂಡು ಬರಲಿಲ್ಲ, ಸ್ಪೀಕರಿನೊಳಗಿಂದ ಹೆಂಗಸಿನ ಧ್ವನಿಯೊಂದು ಇಂಗ್ಲಿಷಿನಲ್ಲಿ ಏನನ್ನೋ ಗಟ್ಟಿಯಾಗಿ ಹೇಳಿತು. ಬೆಳ್ಳಿ ಬೆಚ್ಚಿ ಹಿಂದಕ್ಕೆ ಸರಿದಳು. ಹಿಂಗಾಲು ಜಾರಿತು. ಅವಳ ಪಕ್ಕೆ ಜಟ್ಕಾದಮ್ಮನ ಭುಜಕ್ಕೆ ತಗುಲಿತು. ಅವರು ಕೆಳಗೆ ಹೋದರು.

ಎರಡಾಳಿನಷ್ಟು ಆಳ. ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿತು. ಬೆಳ್ಳಿ ನಡುಗುತ್ತ ನಿಂತಿದ್ದಳು. ನಾನು ಅವಳ ಕತ್ತು ತಬ್ಬಿಕೊಂಡು ಕೂತಿದ್ದೆ. ಇನ್ನೊಂದು ಹೆಜ್ಜೆ ಹಿಂದೆ ಇಟ್ಟಿದ್ದರೆ ಇಬ್ಬರೂ ಅವರ ಮೇಲೆಯೇ ಬೀಳುತ್ತಿದ್ದೆವು.

ಆಗ ಕೆಳಗಿನಿಂದ ಧ್ವನಿ ಬಂತು. "ಡಂಡಡಕ, ಡಂಡಡಕ, ಪೆಪ್ಪೆ ಪೇ..." ಅವರು ಬಾಯಲ್ಲಿ ಬ್ಯಾಂಡು ಬಡಿಯುತ್ತಿದ್ದರು. ಬೆಳ್ಳಿಯ ಕಿವಿ ತಿರುಗಿತು. ಒಂದು ಹೆಜ್ಜೆ ಮುಂದಿಟ್ಟಳು. "ಡಂಡಡಕ, ಡಂಡಡಕ." ಉಸಿರು ಸಾಲದೆ ನಡುನಡುವೆ ಧ್ವನಿ ಒಡೆಯುತ್ತಿತ್ತು, ಆದರೆ ತಾಳ ತಪ್ಪಲಿಲ್ಲ. ಇಪ್ಪತ್ತು ಹೆಜ್ಜೆ. ಬಂಡೆ ಮುಗಿದು ಮಣ್ಣು ಸಿಕ್ಕಿತು. "ದಾಟುದ್ರಾ ಸಾ?" ಎಂದು ಕೇಳಿದರು. ದಾಟಿದೆ ಎಂದೆ. ಆಮೇಲೆ ಅವರು ನರಳಿದರು. ಅಲ್ಲಿಯವರೆಗೆ ಒಂದು ಸಲವೂ ನರಳಿರಲಿಲ್ಲ.

ಫೋನು ಮಾಡಿದೆ. ಬುಡದ ಊರಿನಿಂದ ಆರು ಜನ ಬಿದಿರಿನ ಗಳ ಮತ್ತು ಕಂಬಳಿ ತಂದು ಅವರನ್ನು ಹೊತ್ತು ಇಳಿಸಿದರು. ಒಬ್ಬ ಕೇಳಿದ, "ಏನಾಯ್ತು ಸಾ?"

"ಕುದುರೆ ಹಿಂದಕ್ಕೆ ಸರಿಯಿತು" ಎಂದೆ.

ಮೂರು ಪದ. ಒಂದೂ ಸುಳ್ಳಲ್ಲ. ನಿಜವನ್ನು ಅಷ್ಟಕ್ಕೇ ಕತ್ತರಿಸಿ ಕೊಟ್ಟೆ. ಹಾಸನದ ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಮುರಿದಿದೆ ಎಂದರು. ಹೊಳೆನರಸೀಪುರದಿಂದ ಅವರ ತಮ್ಮ ಬಂದರು. ಅವರಿಗೂ ಅದೇ ಮೂರು ಪದ ಹೇಳಿದೆ. ಆಗ ಅಲ್ಲೇ ನಿಂತಿದ್ದ ಯಾರೋ, "ಕುದ್ರೆಗೆ ತಲೆ ಕೆಟ್ಟದೆ ಕಣ" ಎಂದರು. ವಾರದೊಳಗೆ ಆ ಮಾತು ನಾಲ್ಕೂ ತಾಲ್ಲೂಕು ಸುತ್ತಿ ಬಂತು. ಮೊದಲೇ ಗೊತ್ತುಮಾಡಿದ್ದ ಎರಡು ಮದುವೆಯವರು ಬೆಳ್ಳಿ ಬೇಡವೆಂದರು. ಸಾಕಿದವಳನ್ನೇ ಕೆಡವಿದ ಕುದುರೆಯ ಮೇಲೆ ಮದುವೆ ಗಂಡನ್ನು ಯಾರು ಕೂರಿಸುತ್ತಾರೆ? ಜಟ್ಕಾದಮ್ಮನ ತಮ್ಮ ಬೆಳ್ಳಿಯನ್ನು ಹೊಳೆನರಸೀಪುರಕ್ಕೆ ಹೊಡೆದುಕೊಂಡು ಹೋಗಿ, ಇಟ್ಟಿಗೆ ಗೂಡಿನವರಿಗೆ ಮಣ್ಣು ಹೊರಲು ಕೊಡುವ ಮಾತಾಡಿದರು.

ಮೂರನೆಯ ವಾರ ನಾನು ಆಸ್ಪತ್ರೆಗೆ ಹೋದಾಗ ಜಟ್ಕಾದಮ್ಮ ಮಲಗಿದ್ದಲ್ಲಿಂದಲೇ ಕೇಳಿದರು, "ಬೆಳ್ಳಿ ಎಲ್ಲವ್ಳೆ ಸಾ?"

ಹೇಳಿದೆ. ಗೂಡಿನವರ ವಿಷಯವನ್ನೂ ಹೇಳಿದೆ. ಈ ಮೂರು ವಾರದಲ್ಲಿ ಅವರು ಸ್ಪೀಕರಿನ ವಿಷಯ ಯಾರ ಹತ್ತಿರವೂ ಎತ್ತಿರಲಿಲ್ಲ. ನನಗೆ ಅದು ಗೊತ್ತಿತ್ತು. ಹಾಗಾಗಿಯೇ ಅವರ ಮುಖ ನೋಡಲಾಗುತ್ತಿರಲಿಲ್ಲ.

"ನೀವು ಅಳ್ತೆ ಬರ್ಯೋರು" ಎಂದರು. "ಬೆರಳು ಎಚ್ಚುಕಮ್ಮಿ ಆಗ್ದಂಗೆ ಬರೀತೀರಿ. ಆವತ್ತಿಂದು ಯಾಕೆ ಕಮ್ಮಿ ಬರುದ್ರಿ? ನಾನೇ ಏಳ್ಬೋದಿತ್ತು. ನಾನೇಳುದ್ರೆ ನಿಮ್ ಮಾನ ಓಯ್ತದೆ. ನೀವೇ ಏಳುದ್ರೆ ಅಷ್ಟೊಂದು ಓಗಾಕಿಲ್ಲ. ಅದ್ಕೇ ಕಾಯ್ತಾವ್ನಿ."

ಆಸ್ಪತ್ರೆಯಿಂದ ನೇರ ಹೊಳೆನರಸೀಪುರದ ಬಸ್ಸು ಹತ್ತಿದೆ. ತಮ್ಮನ ಮನೆಯ ಅಂಗಳದಲ್ಲಿ ಇಟ್ಟಿಗೆ ಗೂಡಿನವನು ಬೆಳ್ಳಿಯ ತುಟಿ ಎತ್ತಿ ಹಲ್ಲು ನೋಡುತ್ತಿದ್ದ. ನಾನು ಫೋನು ಬಂದದ್ದರಿಂದ ಹಿಡಿದು ಬಾಯಿಬ್ಯಾಂಡಿನವರೆಗೆ ಎಲ್ಲವನ್ನೂ ಹೇಳಿದೆ. ಹಿಮ್ಮಡಿಯಿಂದ ತಿವಿದದ್ದನ್ನೂ ಬಿಡಲಿಲ್ಲ. ತಮ್ಮನ ಕೈಯಲ್ಲಿದ್ದ ಹುಲ್ಲಿನ ಹಿಡಿ ಹಾಗೇ ಇತ್ತು.

"ಇಷ್ಟು ದಿನ ಬಾಯಲ್ಲಿ ಏನಿಟ್ಕಂಡಿದ್ರಿ ಸಾ?" ಎಂದರು.

ಗೂಡಿನವನು ಕೈ ಒರೆಸಿಕೊಂಡು, "ಅಂಗಾರೆ ಕುದ್ರೆ ಸರಿಯಾಗೇ ಅದೆ ಅನ್ನಿ. ಮಣ್ಣು ಹೊರ್ಸಾಕೆ ಯಾಕ್ ಕೊಡ್ತೀಯಪ್ಪ?" ಎಂದು ಹೊರಟುಹೋದ. ಜಟ್ಕಾದಮ್ಮನ ತಮ್ಮ ಕೈಯ ಹುಲ್ಲನ್ನು ಬೆಳ್ಳಿಯ ಮುಂದೆ ಹಾಕಿದರು. "ನಾನೇನೋ ನಂಬ್ದೆ. ಜನ ನಂಬ್ಬೇಕಲ್ಲ" ಎಂದರು.

ಜನರನ್ನು ನಂಬಿಸುವ ಉಪಾಯವನ್ನು ಜಟ್ಕಾದಮ್ಮನೇ ಮಾಡಿದರು. ಅವರು ಮನೆಗೆ ಬಂದು, ಕಬ್ಬಿಣದ ವಾಕರ್ ಹಿಡಿದು ನಿಲ್ಲುವಂತಾದ ಮೇಲೆ ನನ್ನನ್ನು ಕರೆಸಿದರು. ಅಂಗಳದಲ್ಲಿ ಬೆಳ್ಳಿ ಮದುವೆಯ ಸಿಂಗಾರದಲ್ಲಿ ನಿಂತಿದ್ದಳು. ಬೆನ್ನ ಮೇಲೆ ಕನ್ನಡಿ ಹೊಲಿದ ಜೂಲು, ಹಣೆಗೆ ಗೊಂಡೆ.

"ಹತ್ತಿ ಸಾ. ಪ್ಯಾಟೆ ಬೀದಿ ಪೂರ್ತಿ ಓಗಿ ಬನ್ನಿ. ಕೇಳ್ದೋರ್ಗೆಲ್ಲ ಏಳಿ."

ನನಗೆ ಐವತ್ತೆರಡು ವರ್ಷ. ಹಾಡುಹಗಲು, ಸಂತೆಯ ದಿನ, ಮದುವೆ ಕುದುರೆಯ ಮೇಲೆ ಅರಕಲಗೂಡಿನ ಪೇಟೆ ಬೀದಿಯಲ್ಲಿ ಹೊರಟೆ. ಲಗಾಮು ಹಿಡಿದದ್ದು ಜಟ್ಕಾದಮ್ಮನ ತಮ್ಮ. ಹೋಟೆಲಿನ ಮುಂದೆ ಮೊದಲ ಕೂಗು ಬಂತು. "ಏನ್ ಸಾ, ಎಲ್ಡನೇದಾ? ಮನೇಲಿ ಗೊತ್ತಾ?" ಸೊಪ್ಪಿನವಳೊಬ್ಬಳು, "ಹೆಣ್ಣು ಒಪ್ಪದೋ ಇಲ್ವೋ ಕೇಳ್ರಪ್ಪ" ಎಂದಳು. ಎಲ್ಲರೂ ನಕ್ಕರು. ನಾನು ಬೆಳ್ಳಿಯನ್ನು ನಿಲ್ಲಿಸಿ ಹೇಳಿದೆ. ಜಟ್ಕಾದಮ್ಮ ಬಿದ್ದದ್ದು ಈ ಕುದುರೆಯಿಂದಲ್ಲ, ನನ್ನಿಂದ, ಹೀಗೆ ಹೀಗೆ ಆಯಿತು ಎಂದೆ. ನಗು ನಿಂತಿತು. ಮುಂದೆ ಗೊಬ್ಬರದಂಗಡಿಯ ಹತ್ತಿರ ಮತ್ತೆ ನಗು, ಮತ್ತೆ ಹೇಳಿದೆ. ಬಟ್ಟೆಯಂಗಡಿಯ ಯಜಮಾನರು ಬೈದರು. "ಓದಿರೋ ಮನ್ಸ, ಒಂದು ಪೋನಿಗೆ ಹೆಣ್ಣೆಂಗ್ಸಿನ ಸೊಂಟ ಮುರ್ದಲ್ಲಯ್ಯ." ಹೌದು ಎಂದೆ. ಬೀದಿ ಮುಗಿಯುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಬೆಳ್ಳಿ ಒಂದು ಸಲವೂ ಬೆದರಲಿಲ್ಲ. ಲಾರಿಯ ಹಾರನ್ನಿಗೂ ಅಲುಗಲಿಲ್ಲ. ಅದನ್ನು ಜನ ನೋಡಿದರು.

ಹಿಂತಿರುಗಿದಾಗ ಜಟ್ಕಾದಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನನ್ನನ್ನು ನೋಡಲಿಲ್ಲ, ಬೆಳ್ಳಿಯ ಗೊರಸುಗಳನ್ನು ನೋಡಿದರು. "ಮುಂದಿನ ಅಳ್ತೆ ಯಾವತ್ತು?" ಎಂದರು. ಮುಂದಿನ ಅಳತೆಗೆ ತಮ್ಮ ನನ್ನ ಜೊತೆ ಬೆಟ್ಟ ಹತ್ತಿದರು. ಫೋನನ್ನು ನಾನು ಜೀಪಿನಲ್ಲೇ ಬಿಟ್ಟೆ.

ಮದುವೆಯವರು ಒಬ್ಬೊಬ್ಬರಾಗಿ ಮತ್ತೆ ಬಂದರು. ಜಟ್ಕಾದಮ್ಮ ಇನ್ನು ಲಗಾಮು ಹಿಡಿದು ನಡೆಯುವಂತಿರಲಿಲ್ಲ. ತಮ್ಮನಿಗೆ ಎಲ್ಲವನ್ನೂ ಕಲಿಸಿದರು. ಎರಡು ವರ್ಷ ಕಳೆದ ಮೇಲೆ ಜಟ್ಕಾದಮ್ಮನಿಗೆ ಎದೆಯ ಕಾಯಿಲೆ ಹಿಡಿಯಿತು. ಕೊನೆಯ ದಿನ ನಾನು ಅವರ ಮನೆಯಲ್ಲೇ ಇದ್ದೆ. ತಮ್ಮ ಅಂದು ಬೆಳ್ಳಿಯೊಂದಿಗೆ ಚನ್ನರಾಯಪಟ್ಟಣದ ಮದುವೆಯೊಂದಕ್ಕೆ ಹೋಗಿದ್ದರು. ಉಸಿರು ಕಷ್ಟವಾಗುತ್ತಿದೆ ಎಂದು ನಾನು ಫೋನು ಮಾಡಿದೆ. ಆ ಕಡೆಯಿಂದ ಅವರು, "ಮೆರವಣಿಗೆ ಅರ್ಧಕ್ಕೇ ಬಿಟ್ಟು ಬಂದ್ಬುಡ್ತೀನಿ, ಅಕ್ಕಂಗೆ ಏಳಿ" ಎಂದು ಅತ್ತರು. ಜಟ್ಕಾದಮ್ಮ ಕೈ ಚಾಚಿದರು. ಫೋನನ್ನು ಅವರ ಕಿವಿಗೆ ಹಿಡಿದೆ.

"ಗಂಡು ಇಳ್ಯಗಂಟ ಬರ್ಬ್ಯಾಡ ಕಣ್ಲಾ" ಎಂದರು.

ನಾನು ಕೇಳಿದ ಅವರ ಕೊನೆಯ ಮಾತು ಅದು. ತಮ್ಮ ಬಂದು ಮುಟ್ಟುವಷ್ಟರಲ್ಲಿ ಜಟ್ಕಾದಮ್ಮ ಹೋಗಿದ್ದರು. ಟೆಂಪೋದಿಂದ ಇಳಿದ ಬೆಳ್ಳಿಯ ಹಣೆಯ ಮೇಲೆ ಮದುವೆ ಮನೆಯವರು ಇಟ್ಟ ಅರಿಸಿನ ಕುಂಕುಮ ಇನ್ನೂ ಹಸಿಯಾಗಿತ್ತು. ಅದನ್ನು ಒರೆಸಿಬಿಡಿ ಎಂದು ಯಾರೋ ಹೇಳಿದರು. ತಮ್ಮ ಬೇಡ ಎಂದರು, ನಾನೂ ಬೇಡ ಎಂದೆ.