ಜೋಡಿಯಾಗಿ ಸಂತೆಗೆ ಬಾರದವರು

ಅತ್ತಿಬೆಲೆ ಸಂತೆಯಲ್ಲಿ ವೆಂಕಟಮ್ಮ ಸೊಪ್ಪು ಮಾರಲು ಕೂತು ಇಪ್ಪತ್ತು ವರ್ಷ. ಕೈ ಕಂತೆ ಕಟ್ಟುತ್ತಿದ್ದರೂ ಕಣ್ಣು ಮಾತ್ರ ಬಂದುಹೋಗುವ ಕೂಲಿಯವರ ಮೇಲೆ. ಒಂದು ವಾರ ಗಂಡ, ಮರುವಾರ ಹೆಂಡತಿ, ಒಟ್ಟಿಗೆ ಒಂದು ದಿನವೂ ಇಲ್ಲ ಅಂದರೆ ಅದು ಜೀತ. ಒಬ್ಬರನ್ನು ಹಿಡಿದಿಟ್ಟುಕೊಂಡೇ ಇನ್ನೊಬ್ಬರನ್ನು ಹೊರಗೆ ಬಿಡುತ್ತಾನೆ ಧಣಿ. ಅವಳ ಅಪ್ಪ, ಅವ್ವ ಹಾಗೆಯೇ ಬದುಕಿ ಸತ್ತವರು. ಇಬ್ಬರೂ ಕೂಡಿ ಒಂದು ಮದುವೆ ಊಟ ಉಂಡವರಲ್ಲ. ಅದಕ್ಕೇ ಈ ಹೆಂಗಸು ತಾಲ್ಲೂಕು ಕಚೇರಿಗೆ ಅರ್ಜಿ ಬರೆಸಿ ಬರೆಸಿ ಎರಡು ಸಂಸಾರ ಬಿಡಿಸಿದ್ದಳು. ತನ್ನ ಹೆಸರು ಮಾತ್ರ ಎಲ್ಲೂ ಹೊರಬೀಳದಂತೆ ನೋಡಿಕೊಂಡಿದ್ದಳು. ಅವಳು ಧೈರ್ಯವಂತೆ ಅಂತ ಯಾರಾದರೂ ಅಂದರೆ ಸುಳ್ಳು. ಪುಕ್ಕಲು ಜೀವ.

ಮೂರನೆಯ ಸಂಸಾರ ಇಟ್ಟಿಗೆ ಗೂಡಿನ ಸಂಗಣ್ಣ, ವೇಣಿಯದು. ಅರ್ಜಿ ನೋಡಿ ತಾಲ್ಲೂಕು ಕಚೇರಿಯ ಸಾಹೇಬರು ವಿಚಾರಣೆಗೆ ಬರುವ ದಿನ ವೆಂಕಟಮ್ಮ ಮನಸ್ಸು ತಡೆಯದೆ ಬುಟ್ಟಿ ಹೊತ್ತು ಗೂಡಿಗೆ ಹೋದಳು. ಗೇಟಿನಲ್ಲಿ ಮೇಸ್ತ್ರಿ ದೇವರಾಜ್ ಬೈಕು ನಿಲ್ಲಿಸಿ ಬುಟ್ಟಿ ಇಳಿಸಲು ಕೈ ಕೊಟ್ಟ. ಎಂದೂ ಕೊಟ್ಟವನಲ್ಲ.

“ಸೊಪ್ಪಮ್ಮ, ನಿನ್ ಮನೆ ಕೆರೆ ಏರಿ ಕೆಳಗಲ್ವಾ? ಒಬ್ಳೇ ಇರ್ತೀಯಂತೆ,” ಅಂದ.

ಅವಳು ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು.

ಸಾಹೇಬರು ಕೂಲಿಗಳನ್ನು ಧಣಿಯ ಎದುರೇ ಸಾಲಾಗಿ ನಿಲ್ಲಿಸಿ, ಸ್ವಂತ ಇಷ್ಟದಿಂದ ಇದ್ದೀರಾ ಅಂತ ಕೇಳಿದರು. ಹುಲಿಯ ಮುಂದೆ ನಿಲ್ಲಿಸಿ ಕುರಿಯ ಕಷ್ಟ ಕೇಳಿದ ಹಾಗೆ! ಎಲ್ಲರೂ ಹೌದು ಅಂದರು. ಸಂಗಣ್ಣನೂ ನೆಲ ನೋಡುತ್ತಾ ಹೌದು ಅಂದ. ಇನ್ನು ಹೆಬ್ಬೆಟ್ಟು ಒತ್ತಿಸಿಕೊಂಡರೆ ಮುಗಿಯಿತು. ಅರ್ಜಿ ಕಸದ ಬುಟ್ಟಿಗೆ.

ಸಾಲಿನಲ್ಲಿ ವೇಣಿ ಇರಲಿಲ್ಲ. ವೆಂಕಟಮ್ಮ ಎರಡು ಸಲ ಹುಡುಕಿದಳು. ಬಾಯಿ ಬಿಟ್ಟರೆ ಅರ್ಜಿ ಯಾರದು ಅಂತ ದೇವರಾಜ್‌ಗೆ ಖಾತ್ರಿಯಾಗುತ್ತದೆ. ಸಂಗಣ್ಣನ ಹೆಬ್ಬೆಟ್ಟಿಗೆ ಮಸಿ ಹತ್ತಿತು.

“ಸಾರ್, ಇವ್ನ್ ಎಂಡ್ರು ಎಲ್ಲಿ?”

ತನ್ನದೇ ದನಿ ಯಾರದೋ ಅನ್ನುವ ಹಾಗೆ ಕೇಳಿಸಿತು ವೆಂಕಟಮ್ಮನಿಗೆ. ಆಸ್ಪತ್ರೆಗೆ ಹೋಗಿದ್ದಾಳೆ ಅಂದ ಧಣಿ. ಸಂಗಣ್ಣ ಆಗ ತಲೆ ಎತ್ತಿದ.

“ಇಲ್ರಿ ಸಾಹೇಬ್ರ, ಆ ಬೀಗ ಹಾಕಿದ ಕೋಣ್ಯಾಗ ಅದಾಳ್ರಿ. ಮೊದ್ಲ ಆಕೀನ ತೋರಸ್ರಿ, ಆಮ್ಯಾಲೆ ನನ್ನ ಕೇಳ್ರಿ.”

ಬೀಗ ತೆಗೆಸಿದರು. ಸಂಜೆಯೊಳಗೆ ಗಂಡ ಹೆಂಡತಿ ಸರ್ಕಾರಿ ಜೀಪಿನಲ್ಲಿ ಒಟ್ಟಿಗೆ ಕೂತು ಹೋದರು. ವೆಂಕಟಮ್ಮನಿಗೆ ಬಾ ಅನ್ನುವ ನೆನಪು ಯಾರಿಗೂ ಆಗಲಿಲ್ಲ.

ಅವಳು ಬುಟ್ಟಿ ಹೊತ್ತು ಕೆರೆ ಏರಿಯ ದಾರಿ ಹಿಡಿದಳು. ಹಿಂದೆ ಒಂದು ಬೈಕು, ಅವಳ ಹೆಜ್ಜೆಯಷ್ಟೇ ನಿಧಾನವಾಗಿ ಬರುತ್ತಿತ್ತು. ತಿರುಗಿ ನೋಡಲಿಲ್ಲ. ನೋಡಿದರೆ ಮುಂದಿನ ಸಂತೆಗೆ ಕಾಲು ಏಳುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.