ನಾಗವೇಣಿ ಮೇಡಂ ಅಳೆದ ಗ್ರೌಂಡು

ಬಂದಳಿಕೆ ಊರಿನ ಬದಿಯ ಹೈಸ್ಕೂಲಿಗೆ ನಾಗವೇಣಿ ಪಿಟಿ ಟೀಚರಾಗಿ ಬಂದು ಹದಿನೇಳು ವರ್ಷ. ತನ್ನ ಮೇಲೆ ಅನುಮಾನ ಪಡುವ ಅಭ್ಯಾಸ ಆಕೆಗಿಲ್ಲ. ಯಾವ ಮಗು ಬಂದರೂ ಮೊದಲು ಪರೀಕ್ಷೆ. ಮೂವತ್ತು ಮೀಟರ್ ಓಡಿಸಿ ವೇಗ ನೋಡುವುದು, ನಿಂತಲ್ಲಿಂದ ಜಿಗಿಸಿ ಕಾಲಿನ ಕಸುವು ನೋಡುವುದು, ಬೆಂಚು ಹತ್ತಿಳಿಸಿ ನಾಡಿ ಎಷ್ಟು ಬೇಗ ತಹಬಂದಿಗೆ ಬರುತ್ತದೆಂದು ದಮ್ಮು ನೋಡುವುದು. ನೀಲಿ ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿಗೂ ಒಂದು ಪುಟ. "ಬಾಯಿ ಸುಳ್ಳು ಹೇಳ್ಬಹುದು, ಮೈ ಹೇಳಲ್ಲ" ಅನ್ನುತ್ತಿದ್ದಳು.

ಈ ವರ್ಷ ಒಂಬತ್ತನೇ ಕ್ಲಾಸಿನ ಚೈತ್ರಶ್ರೀಯನ್ನು ಕ್ರೀಡಾ ಹಾಸ್ಟೆಲ್ಲಿಗೆ ಸೇರಿಸಿಯೇ ತೀರುವುದೆಂದು ಹಟ ಹಿಡಿದಳು. ಎಂಟುನೂರು ಮೀಟರನ್ನು ಎರಡೂವರೆ ನಿಮಿಷದೊಳಗೆ ಓಡಿದರೆ ಸೀಟು, ಇಲ್ಲದಿದ್ದರೆ ಇಲ್ಲ. ಜೂನ್‌ನಲ್ಲೇ ಶಾಲೆಯ ಹಿಂದಿನ ಬಯಲಿನಲ್ಲಿ ನಾನೂರು ಮೀಟರಿನ ಸುತ್ತು ಎಳೆಸಿದಳು. ಹತ್ತು ಮೀಟರಿನ ಹಗ್ಗ, ನಲವತ್ತು ಸಲ. ಮೊದಲ ಅಳತೆಯನ್ನು ತಾನೇ ಕೂಗಿ, ಮುಂದಿನ ಎಣಿಕೆಯನ್ನು ಶಿಕಾರಿಪುರ ಪೇಟೆಯಿಂದ ಬರುವ ಅಟೆಂಡರ್ ಕೊಟ್ರೇಶನಿಗೆ ಬಿಟ್ಟಳು.

ಒಂದು ದಿನ ಕೆರೆ ಏರಿ ಹತ್ತಿಸುವುದು, ಒಂದು ದಿನ ಇನ್ನೂರು ಮೀಟರ್ ಜೋರಾಗಿ ಓಡಿಸಿ ಅಷ್ಟೇ ದೂರ ನಡೆಸುವುದು, ಶುಕ್ರವಾರ ಪೂರ್ತಿ ವಿಶ್ರಾಂತಿ. ಮೂರು ತಿಂಗಳಲ್ಲಿ ಹುಡುಗಿಯ ವೇಗ, ಜಿಗಿತ, ನಾಡಿ ಎಲ್ಲ ಸುಧಾರಿಸಿದವು. ಎಂಟುನೂರು ಮೀಟರ್ ಮಾತ್ರ ಎರಡು ನಿಮಿಷ ಮೂವತ್ಮೂರು ಸೆಕೆಂಡಿಗೆ ಗೂಟ ಹೊಡೆದು ನಿಂತಿತು.

"ಈ ಗ್ರೌಂಡೇ ಉದ್ದ ಇದೆ ಅನ್ಸುತ್ತೆ ಮೇಡಂ" ಎಂದಳು ಚೈತ್ರಶ್ರೀ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ! ಕೊನೇ ಸುತ್ತಲ್ಲಿ ಕಳ್ಳಾಟ ಆಡ್ತೀಯ, ಅಷ್ಟೇ."

ಎಲ್ಲರೆದುರು ಆಡಿದ ಮಾತು. ಹುಡುಗಿಯ ಕಣ್ಣು ತುಂಬಿತು. ಮರುದಿನ ಅವಳು ಗ್ರೌಂಡಿಗೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ಶಿವಮೊಗ್ಗದ ಆಯ್ಕೆಗೆ ಇನ್ನು ಒಂಬತ್ತೇ ದಿನ.

ಭಾನುವಾರ ನಾಗವೇಣಿ ಸೊರಬದ ಕಡೆ, ಜಡೆ ಊರಿನ ತವರಿಗೆ ಹೋದಳು. ತಾಯಿ ಹುಲಿಯಮ್ಮ ಹಜಾರದಲ್ಲಿ ಸೇರು ಹಿಡಿದು ಅಕ್ಕಿ ಅಳೆಯುತ್ತಿದ್ದರು. "ಲಾಭ... ಎರಡು... ಮೂರು..." ಮೊದಲ ಅಳತೆಗೆ ಒಂದು ಅನ್ನದೆ ಲಾಭ ಅನ್ನುವುದು ಆ ಮನೆಯ ಹಳೇ ರೂಢಿ. ನಾಗವೇಣಿಗೂ ಅದೇ ರೂಢಿ. ಬಾಯಿಗೆ ಒಯ್ದ ಚಹಾ ಲೋಟ ಅಲ್ಲೇ ನಿಂತಿತು. ತಕ್ಷಣ ಕೊಟ್ರೇಶನಿಗೆ ಫೋನ್ ಹಚ್ಚಿದಳು.

"ಜೂನಲ್ಲಿ ಗ್ರೌಂಡ್ ಅಳೀವಾಗ, ನಾನು ಲಾಭ ಅಂದ್ಮೇಲೆ ನೀನು ಎಷ್ಟರಿಂದ ಎಣಿಸ್ದೆ?"

"ಒಂದರಿಂದ ರೀ. ನೀವು ಒಳ್ಳೇದಾಗ್ಲಿ ಅಂತ ದೇವ್ರನ್ನ ನೆನಸಿದ್ರಿ ಅನ್ಕಂಡಿದ್ದೆ."

ನಲವತ್ತೊಂದು ಹಗ್ಗ. ಸುತ್ತಿಗೆ ಹತ್ತು ಮೀಟರ್ ಹೆಚ್ಚು, ಎರಡು ಸುತ್ತಿಗೆ ಇಪ್ಪತ್ತು. ನಾಗವೇಣಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಮೈ ಸುಳ್ಳು ಹೇಳಲ್ಲ ಅಂದವಳು ತಾನು, ಮೈಯನ್ನು ನಂಬದೆ ಹೋದವಳೂ ತಾನೇ. ಸಂಜೆಯೊಳಗೆ ಬಸ್ಸು ಬದಲಿಸಿ ಚೈತ್ರಶ್ರೀಯ ಮನೆ ಬಾಗಿಲಲ್ಲಿದ್ದಳು.

"ನೆಲಾನೇ ಡೊಂಕಿತ್ತು ಕಣೇ. ಡೊಂಕು ಮಾಡಿದೋಳು ನಾನು. ತಪ್ಪಾಯ್ತು."

ವಿಷಯ ಕೇಳಿ ಹುಡುಗಿ ಬೆರಳು ಮಡಚಿ ಲೆಕ್ಕ ಹಾಕಿದಳು. ಇಪ್ಪತ್ತು ಮೀಟರ್ ಕಳೆದರೆ ಎರಡೂವರೆ ನಿಮಿಷದೊಳಗೇ. ಆಮೇಲೆ ಗಟ್ಟಿಯಾಗಿ ನಕ್ಕಳು.

ಮರುದಿನ ಕೊಟ್ರೇಶ ಸುಣ್ಣದ ಗೆರೆ ಅಳಿಸಲು ಹೊರಟಾಗ ಅವಳೇ ಅಡ್ಡ ನಿಂತಳು. "ಹಳೇದೇ ಇರ್ಲಿ ಅಣ್ಣ. ಇಲ್ಲಿ ಉದ್ದ ಓಡಿದ್ರೆ ಶಿವಮೊಗ್ಗದಲ್ಲಿ ಸಲೀಸು."

ಆಯ್ಕೆಯ ದಿನ ಶಿವಮೊಗ್ಗದಲ್ಲಿ ಮೊದಲ ಸುತ್ತು ಮುಗಿದಾಗ ನಾಗವೇಣಿಯ ಬಾಯಿ ತಾನಾಗೇ "ಲಾಭ" ಎಂದಿತು. ನಾಲಿಗೆ ಕಚ್ಚಿಕೊಂಡು "ಒಂದು" ಎಂದು ತಿದ್ದಿಕೊಂಡಳು. ಎರಡನ್ನು ಕೂಗಿಯೇ ಹೇಳಿದಳು. ಎರಡು ನಿಮಿಷ ಇಪ್ಪತ್ತೇಳು ಸೆಕೆಂಡಿಗೆ ಹುಡುಗಿ ಗೆರೆ ದಾಟಿದ್ದಳು.

ವಾಪಸು ಬಸ್ಸಿನಲ್ಲಿ ನಾಗವೇಣಿ ನೀಲಿ ನೋಟ್‌ಬುಕ್ ತೆಗೆದು ಚೈತ್ರಶ್ರೀಯ ಪುಟದಲ್ಲಿ ಆ ಸಮಯ ಬರೆದಳು. ನಂತರ ಖಾಲಿ ಪುಟವೊಂದನ್ನು ತೆರೆದು ಮೇಲೆ ತನ್ನ ಹೆಸರು ಹಾಕಿದಳು. ಕೆಳಗೆ ಬರೆದಳು: ಎಣಿಕೆ, ಫೇಲು. ಮತ್ತೆ ಪರೀಕ್ಷೆ ಬರೆಯತಕ್ಕದ್ದು.